ದೊರೆಸಾನಿ ಅವರೆ ಬೆಳೆದವಳು

ನಮ್ಮಕ್ಕ ಮಗುವಿಗೆ ವಿಷ ಹಾಕಿದಳು ಎಂದು ಲೈನಿನ ಜನರೆಲ್ಲ ನಲ್ಲಿಕಟ್ಟೆಯ ಹತ್ತಿರ ಸೇರಿ ಹೇಳಿದ ದಿನ, ಅದು ಸುಳ್ಳೆಂದು ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಮಗು ನನ್ನದು, ಅಕ್ಕನೂ ನನ್ನವಳು. ನಾನು ಕೈ ಕಟ್ಟಿಕೊಂಡು ನೆಲ ನೋಡುತ್ತ ನಿಂತಿದ್ದೆ.

ಅಕ್ಕ ಈಗ ಇಲ್ಲ. ಅವಳ ತಿಥಿಗೆ ಬಂದ ನೆಂಟರು ಊಟ ಮಾಡುತ್ತ ಅವಳ ವಿಷಯ ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಕೇಳಲಾರದೆ ನನ್ನ ಮಗಳು ಲಚ್ಚಿ, "ಇವ್ರ ಬಾಯಾಗೆ ಅತ್ತೆ ಗಳಿಗೆಗೊಂದು ಥರ ಆಗ್ತಾವ್ಳೆ. ನೀನೇ ಬರ್ದಿಡಪ್ಪ" ಎಂದಳು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ನೆನಪಾದ ಹಾಗೆ ಬರೆಯುತ್ತೇನೆ, ಹಿಂದುಮುಂದಾದರೆ ಆಗಲಿ.

ಅಕ್ಕ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ಬಂದರೆ ಹಾಲಿಗೆ ಬೆರಳು ಅದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಜಾರುತ್ತದೋ ನೋಡಿಯೇ ಪಾತ್ರೆ ಒಡ್ಡುವಳು. ಆಂಡರ್ಸನ್‌ಪೇಟೆಯ ಅಂಗಡಿಯಿಂದ ತಂದ ಅಕ್ಕಿ ಕೇರುವಾಗ ಸಿಕ್ಕ ಕಲ್ಲುಗಳನ್ನೆಲ್ಲ ಕಾಗದದಲ್ಲಿ ಪೊಟ್ಟಣ ಕಟ್ಟಿಟ್ಟು, ಮುಂದಿನ ಸಾರಿ ಹೋದಾಗ ಅಂಗಡಿಯವನ ತಕ್ಕಡಿಯ ಮೇಲೆ ಇಡುವಳು. "ಇವು ನಿಮ್ಮವೇ ಸೆಟ್ರೇ. ಇನ್ನೊಂದ್ ಸಲ ತೂಕಕ್ಕೆ ಬೇಕಾಗ್ತವೆ, ಮಡಿಕ್ಕಳಿ." ಅಂಗಡಿಯಲ್ಲಿ ನಿಂತವರು ನಗುವರು. ಅವಳು ನಗಳು. ತೆಳ್ಳನೆಯ ಎತ್ತರದ ಹೆಂಗಸು, ಎಡಚಿ. ಯಾವ ವಸ್ತು ಕೈಗೆ ಬಂದರೂ ಮೊದಲು ಮೂಗಿನ ಹತ್ತಿರ ಹಿಡಿದು ಮೂಸುವಳು. ಎಣ್ಣೆ, ಬೇಳೆ, ಹೊಸ ಸೀರೆ, ಎಲ್ಲವನ್ನೂ. ನಾನು ಕೆಲಸದಿಂದ ಬಂದರೆ ನನ್ನ ಅಂಗಿಯನ್ನೂ ಮೂಸಿ, ಸಾರಾಯಿ ಅಂಗಡಿ ಕಡೆ ಹೋಗಿದ್ದೆನೋ ಇಲ್ಲವೋ ಹೇಳಿಬಿಡುವಳು. "ನೋಡ್ದೆ ನಂಬಬ್ಯಾಡ, ನಂಬಿದ್ ಮ್ಯಾಲೂ ನೋಡೋದ್ ಬಿಡಬ್ಯಾಡ" ಎನ್ನುವುದು ಅವಳ ಮಾತು. ನನಗೆ ಹೆಣ್ಣು ಗೊತ್ತು ಮಾಡುವಾಗ ಇದೇ ಮಾತು ಹೆಣ್ಣಿನ ಮನೆಯವರ ಎದುರಿಗೇ ಅಂದಳು. ನನ್ನ ಹೆಂಡತಿ ಅದನ್ನು ಮರೆಯಲಿಲ್ಲ.

ಭಾವ ಗಣಿಯ ಒಳಗೆ ಬಂಡೆ ಕುಸಿದು ಸತ್ತ. ಮಕ್ಕಳಿರಲಿಲ್ಲ. ಅಕ್ಕ ಗಣಿ ಕೂಲಿಗಳ ಮನೆಸಾಲಾದ ಕೋರಮಂಡಲ್ ಲೈನಿನಲ್ಲಿದ್ದ ನನ್ನ ಬಿದಿರು ತಟ್ಟಿಯ ಮನೆಗೆ ಬಂದಳು. ನಾನು ಆಗ ಮಿಲ್ಲಿನಲ್ಲಿ ಕೂಲಿ. ಮಿಲ್ಲು ಎಂದರೆ ಗಣಿಯಿಂದ ಬಂದ ಅದಿರನ್ನು ಪುಡಿ ಮಾಡಿ ಬಂಗಾರ ತೆಗೆಯುವ ಜಾಗ. ಅಲ್ಲಿಂದ ಹೊರಗೆ ಬರುವಾಗ ದಿನಾ ಬಾಯಿ ತೆರೆದು ತೋರಿಸಬೇಕು, ಕೂದಲು ಕೊಡವಬೇಕು, ಕಾಲ ಬೆರಳ ಸಂದಿಯನ್ನೂ ಬಿಡಿಸಿ ತೋರಿಸಬೇಕು. ಇಂಥ ಊರಿನಲ್ಲಿ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದು ಒಂದು ತಪ್ಪು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಯಾರಾದರೂ ಹೊಸ ಅಂಗಿ ಹಾಕಿದರೆ ಅದಕ್ಕೊಂದು ಮಾತು. ಯಾರ ಮನೆಯಲ್ಲಾದರೂ ಒಂದು ಮೊಣಕೈ ಆಳ ಗುಂಡಿ ತೋಡಿದರೆ ಅದಕ್ಕೆ ಹತ್ತು ಮಾತು.

ಅಕ್ಕ ಒಬ್ಬ ದೊರೆಯ ಬಂಗಲೆಯಲ್ಲಿ ಪಾತ್ರೆ, ಬಟ್ಟೆ ಕೆಲಸಕ್ಕೆ ಸೇರಿಕೊಂಡಳು. ಆ ಮನೆಯ ದೊರೆಸಾನಿಗೆ ಹೂವಿನ ಹುಚ್ಚು. ಮಾಲಿ ಇದ್ದರೂ ಒಂದು ಬಳ್ಳಿಯನ್ನು ಮಾತ್ರ ತಾನೇ ನೋಡಿಕೊಳ್ಳುತ್ತಿದ್ದಳಂತೆ. ಚಳಿಗಾಲದಲ್ಲಿ ಹೂ ಬಿಡುವ ಬಳ್ಳಿ, ಚಿಟ್ಟೆಯ ರೆಕ್ಕೆಯಂಥ ಹೂವು, ಬಿಳಿ, ತಿಳಿಗೆಂಪು, ನೇರಳೆ. ಅದಕ್ಕೆ ಸ್ವೀಟ್ ಪೀ ಎಂದು ಹೆಸರು. ಅಕ್ಕ ಬಂದು ಆ ಹೆಸರು ಹೇಳಿದಾಗ ಲೈನಿನ ತಮಿಳು ಹುಡುಗರು ಬಿದ್ದು ಬಿದ್ದು ನಕ್ಕರು, ಅವರ ಮಾತಿನಲ್ಲಿ ಪೀ ಎಂದರೆ ಹೇಲು. ಆಮೇಲೆ ಅವಳು ಆ ಹೆಸರು ಎತ್ತಲಿಲ್ಲ. ದೊರೆಸಾನಿ ಅವರೆ ಎಂದೇ ಕರೆದಳು.

ಗಣಿ ಸರ್ಕಾರದ ಕೈಗೆ ಬಂದ ಕಾಲದಲ್ಲಿ ಆ ದೊರೆಯೂ ಊರು ಬಿಟ್ಟ. ಹೋಗುವಾಗ ದೊರೆಸಾನಿ ಅಡುಗೆಯವನಿಗೆ ಗಡಿಯಾರ ಕೊಟ್ಟಳು, ಆಯಾಗೆ ಕಂಬಳಿ ಕೊಟ್ಟಳು. ನಿನಗೇನು ಬೇಕು ಎಂದು ಅಕ್ಕನನ್ನು ಕೇಳಿದರೆ ಇವಳು ಬೀಜ ಕೇಳಿದಳು. ಒಂದು ಹಿಡಿ ಬೀಜ, ಅದನ್ನು ಹಾಕಿಡಲು ಸಿಗರೇಟಿನ ದುಂಡು ಡಬ್ಬಿ. ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. "ಕಂಬ್ಳಿ ಬಿಟ್ಟು ಬೀಜ ತಂದ್ರಾ ಅತ್ಗೆ?"

"ಕಂಬ್ಳಿ ಅರ್ದೋಗ್ತದೆ" ಎಂದಳು ಅಕ್ಕ.

ನಮ್ಮ ಲೈನಿನ ಮಣ್ಣು ಯಾತಕ್ಕೂ ಬಾರದು. ಬಂಗಾರ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗೆ ಬಂದು ಕೂರುತ್ತದೆ. ಅಕ್ಕ ಅದನ್ನು ಮೂಸಿ ಉಗುಳಿ, ಬಂಗಾರಪೇಟೆಯ ಕಡೆಯ ನಮ್ಮ ಊರಿನ ಕೆರೆಗೋಡು ತರುತ್ತೇನೆಂದು ಹೊರಟಳು. ಎರಡು ಗೋಣಿಯಲ್ಲಿ ಕೆರೆಯ ಮಣ್ಣು ತುಂಬಿ ರೈಲಿನಲ್ಲಿ ತಂದು ಇಳಿಸುವಾಗ ಗಣಿಯ ಕಾವಲಿನವನು ಹಿಡಿದ. ಗೋಣಿ ಬಿಚ್ಚಿಸಿದ, ಮಣ್ಣಿನೊಳಗೆ ಕೋಲು ಚುಚ್ಚಿದ, ಕೈ ಹಾಕಿ ಕಲಸಿದ. ಏನೂ ಸಿಗಲಿಲ್ಲ. ಅದರಿಂದಲೇ ಅವನ ಅನುಮಾನ ಹೆಚ್ಚಾಯಿತು.

"ಊರೋರೆಲ್ಲ ಮಣ್ಣನ್ನ ಇಲ್ಲಿಂದ ಆಚೆಗೆ ಕದ್ದು ಸಾಗಿಸ್ತಾರೆ. ನೀನು ಆಚೆಯಿಂದ ಒಳಕ್ಕೆ ತರ್ತಾ ಇದೀಯ. ಏನು ಕತೆ ನಿಂದು?"

"ನಿಮ್ಮೂರ ಮಣ್ಣಾಗೆ ಬಂಗಾರ ಬಿಟ್ರೆ ಬ್ಯಾರೇನೂ ಬೆಳೆಯಾಕಿಲ್ಲ ಸ್ವಾಮಿ, ಅದಕ್ಕೇ."

ಅವನು ನಗದೆ ಇರಲಾರದೆ ಬಿಟ್ಟ. ಆದರೆ ಆ ದಿನದಿಂದ ಲೈನಿಗೆ ಬಂದಾಗಲೆಲ್ಲ ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತೇ ಹೋಗುತ್ತಿದ್ದ.

ಮನೆಯ ಮುಂದೆ ತಟ್ಟಿಯ ಉದ್ದಕ್ಕೂ ಅಕ್ಕ ಮೊಣಕಾಲು ಮುಳುಗುವಷ್ಟು ಆಳ ಅಗೆದಳು. ಜನ ನೋಡಲು ಬಂದರು. ಎಲ್ಲರಿಗಿಂತ ಮುಂದೆ ಬಂದವಳು ಎದುರು ಮನೆಯ ಪಾಪಮ್ಮ. ಆಂಧ್ರದ ಗಡಿಯವಳು, ಮೂರು ಭಾಷೆಯನ್ನೂ ಕಲಸಿ ಉಣ್ಣುವ ಬಾಯಿ.

"ಏಮಕ್ಕಾ, ಯಾರನ್ನ ಹೂಳ್ತೀಯ?"

"ಗೊಬ್ಬರಾನ."

"ಒಂದು ಬಳ್ಳಿಗೆ ಇಷ್ಟು ಆಳಾನಾ?"

"ಅದರ ಬೇರು ಕೆಳಕ್ಕೆ ಓಗ್ತದೆ. ತಂಪಿರ್ಬೇಕು. ಮೇಲ್ಮೇಲೆ ನೆಟ್ರೆ ಬಿಸ್ಲಿಗೆ ಮೊಗ್ಗು ಉದ್ರಿಸ್ತದೆ."

ಪಾಪಮ್ಮ ಹಳ್ಳದೊಳಗೆ ಬಗ್ಗಿ ನೋಡಿದಳು, ಸಗಣಿ ಗೊಬ್ಬರವನ್ನು ಕಾಲಿನಿಂದ ಕೆದಕಿಯೂ ನೋಡಿದಳು. ಆಮೇಲೆ ಮನೆ ಮನೆಗೆ ಹೋಗಿ, ಸತ್ತ ಗಂಡನ ಗಂಟನ್ನು ಇವಳು ಹೂಳುತ್ತಿದ್ದಾಳೆ ಎಂದಳು. ಭಾವ ಒಳಗಿನಿಂದ ಬಂಗಾರ ತಂದು ಎಲ್ಲೋ ಇಟ್ಟು ಸತ್ತ ಎಂಬ ಗಾಳಿಮಾತು ಮೊದಲಿನಿಂದಲೂ ಇತ್ತು.

ಬೀಜವನ್ನು ಮಣ್ಣಿಗೆ ಹಾಕುವ ಮುಂಚೆ ಅಕ್ಕ ಹೊಸ್ತಿಲ ಕಲ್ಲಿಗೆ ಒಂದೊಂದಾಗಿ ಉಜ್ಜುವಳು. ಕಪ್ಪು ಸಿಪ್ಪೆ ಒಂದು ಕಡೆ ಸವೆದು ಬೆಳ್ಳಗೆ ಕಾಣಬೇಕು. ಅಲ್ಲಿಗೆ ಸಾಕು. ಆಮೇಲೆ ರಾತ್ರಿಯೆಲ್ಲ ನೀರಿನಲ್ಲಿ ನೆನೆ ಹಾಕುವಳು. ಬೆಳಿಗ್ಗೆ ಉಬ್ಬದೆ ಉಳಿದ ಬೀಜವನ್ನು ಮತ್ತೆ ಕಲ್ಲಿಗೆ ಉಜ್ಜುವಳು. "ಇವು ನಂಬಾಕಿಲ್ಲ, ನನ್ನಂಗೆ" ಎನ್ನುವಳು. ಸಸಿ ಒಂದು ಗೇಣು ಬಂದ ಮೇಲೆ ಅದರ ಕುಡಿ ಚಿವುಟಿದಾಗ ನಾನೇ ಜಗಳ ತೆಗೆದೆ. ಇಷ್ಟು ಕಷ್ಟಪಟ್ಟು ಬೆಳೆಸಿ ತಲೆ ಕೀಳುತ್ತೀಯಲ್ಲ ಎಂದೆ. "ಒಂದು ತಲೆ ತೆಗೆದ್ರೆ ನಾಕು ಕೈ ಬತ್ತವೆ ಕಣ್ಲಾ. ತೆಪ್ಪಗಿರು."

ಹೂ ಬಿಟ್ಟಿತು. ಲೈನಿನ ಉದ್ದಕ್ಕೂ, ಕಕ್ಕಸಿನ ನಾತ, ಸೌದೆ ಹೊಗೆ ಎಲ್ಲದರ ಮೇಲೂ ಅದರ ವಾಸನೆ ಬಂತು. ನಮ್ಮ ಕಡೆ ಅದೇ ಕಾಲಕ್ಕೆ ಅವರೆಕಾಯಿ. ಮನೆ ಮನೆಯಲ್ಲಿ ಹಿತಕಿದ ಬೇಳೆ ಸಾರು. ಬಳ್ಳಿ ಕಂಡರೆ ಕಾಯಿ ಹುಡುಕುವ ಜನ ನಾವು. ಪಾಪಮ್ಮ ಮತ್ತೆ ಬಂದಳು.

"ಇದು ತಿನ್ನೋದಾ, ಮುಡಿಯೋದಾ?"

"ಎರಡೂ ಅಲ್ಲ."

"ಮತ್ತೆ ಯಾತಕ್ಕೆ?"

"ನೋಡಾಕೆ."

"ನೋಡಾಕೆ ನನ್ನ ಗಂಡ ಇಲ್ವಾ? ನೀರು ಗೊಬ್ಬರ ಅವನಿಗೇ ಆಕ್ತಾ ಇದೀನಿ" ಎಂದು ಪಾಪಮ್ಮ ಎಲ್ಲರನ್ನೂ ನಗಿಸಿ, ಕಾಯಿ ಬಿಟ್ಟ ಮೇಲೆ ಒಂದು ಹಿಡಿ ಕೊಡು, ಸಾರಿಗೆ ಹಾಕುತ್ತೇನೆ ಎಂದಳು.

ಅಕ್ಕ ಆಗ ಹೇಳಿದ ಮಾತು ಇಡೀ ಲೈನಿಗೆ ನೆನಪುಳಿಯಿತು. "ಕಾಯಿ ಮುಟ್ಬೇಡ. ಅವರೆ ಅಂಗೆ ಕಾಣ್ತದೆ, ಅವರೆ ಅಲ್ಲ. ಬೀಜ ತಿಂದ್ರೆ ವಿಷ. ಕಾಲು ಬಿದ್ದೋಗ್ತವಂತೆ, ದೊರೆಸಾನಿ ಏಳವ್ರೆ."

ಅವಳು ದಿನಾ ಬೆಳಿಗ್ಗೆ ಅರಳಿದ ಹೂವನ್ನೆಲ್ಲ ಕೊಯ್ದುಬಿಡುತ್ತಿದ್ದುದು ಅದಕ್ಕೇ. ಒಂದು ಕಾಯಿ ಕಟ್ಟಿತೆಂದರೆ ಬಳ್ಳಿ ತನ್ನ ಕೆಲಸ ಮುಗಿಯಿತೆಂದುಕೊಂಡು ಹೂ ಬಿಡುವುದನ್ನೇ ನಿಲ್ಲಿಸುತ್ತದೆ, ಅಲ್ಲದೆ ಇದು ಮಕ್ಕಳಿರುವ ಜಾಗ, ಕಾಯಿ ಬಿಡಬಾರದು ಎಂದು ಹೇಳುತ್ತಿದ್ದಳು. ಬಿಸಿಲು ಬಲಿಯುವ ಹೊತ್ತಿಗೆ ಮಾಡಿನ ಹತ್ತಿರ, ಯಾರ ಕೈಗೂ ಎಟುಕದ ಕಡೆ ನಾಲ್ಕು ಕಾಯಿ ಬಿಟ್ಟು ಬೀಜ ಮಾಡಿಕೊಳ್ಳುವಳು. ಈ ಲೆಕ್ಕಾಚಾರವನ್ನು ಯಾರು ನಂಬುತ್ತಾರೆ? ಕೊಯ್ದಷ್ಟೂ ಬಿಡುವ ಹೂವು, ಮುಡಿಯಬಾರದ ಹೆಂಗಸು, ತಿನ್ನಬಾರದ ಕಾಯಿ. ಮಕ್ಕಳಿರುವ ಮನೆಯಲ್ಲಿ ವಿಷದ ಬಳ್ಳಿಯನ್ನು ಮಕ್ಕಳಿಲ್ಲದವಳು ಬೆಳೆಯುತ್ತಾಳೆ ಎಂದರೆ ಅರ್ಥ ಏನು ಎಂದು ನನ್ನ ಹೆಂಡತಿ ನನ್ನನ್ನು ಕೇಳಿದಳು. ಲಚ್ಚಿಗೆ ಆಗ ಎರಡು ವರ್ಷವಿರಬಹುದು. ಅಕ್ಕ ಕೊಯ್ದ ಹೂವನ್ನು ಲೋಟದಲ್ಲಿಟ್ಟು ಲಚ್ಚಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಹೂವು ಮೂಸಿಸುವಳು, ಆಮೇಲೆ ತಾನು ಮಗುವಿನ ನೆತ್ತಿ ಮೂಸುವಳು. ನನ್ನ ಹೆಂಡತಿ ಬಂದು ಮಗುವನ್ನು ಎತ್ತಿಕೊಂಡು ಹೋಗುವಳು.

ಎರಡನೇ ಚಳಿಗಾಲ ಬಂತು. ಅಕ್ಕ ಇದ್ದ ಬೀಜವನ್ನೆಲ್ಲ ಎಂದೂ ಬಿತ್ತುತ್ತಿರಲಿಲ್ಲ. ಮಳೆಯನ್ನು ನಂಬಲಾಗದು, ಇಲಿಯನ್ನು ನಂಬಲಾಗದು ಎಂದು ಅರ್ಧ ಉಳಿಸಿ, ಡಬ್ಬಿಯ ಮುಚ್ಚಳದ ಸುತ್ತ ಮೇಣದ ಬತ್ತಿ ಕರಗಿಸಿ ಹಚ್ಚಿ, ತಟ್ಟಿಯ ಮೇಲಿನ ಅಟ್ಟದಲ್ಲಿ ಇಡುವಳು. ತೇವ ಹೊಕ್ಕರೆ ಬೀಜ ಸತ್ತುಹೋಗುತ್ತದಂತೆ. ಅಟ್ಟ ಗುಡಿಸುವಾಗ ಒಂದು ಸಾರಿ ನಾನು ಆ ಡಬ್ಬಿ ಎತ್ತಿದೆ. ಒಳಗೆ ಏನೋ ಉರುಳಿತು. ಅಕ್ಕ ಕೆಳಗಿನಿಂದ, "ಅದನ್ನ ಅಲ್ಲಾಡಿಸ್ಬೇಡ, ಮಡಗು" ಎಂದಳು. ಬೀಜಕ್ಕೆ ಯಾರಾದರೂ ಮೇಣ ಹಚ್ಚುತ್ತಾರೆಯೇ ಎಂದು ನನ್ನ ಮನಸ್ಸಿಗೆ ಬಂತು. ಪಾಪಮ್ಮನ ಮಾತೂ ನೆನಪಾಯಿತು.

ಆ ಮಾತು ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ಮಿಲ್ಲಿನ ಬಾಗಿಲಲ್ಲಿ ಬಾಯಿ ತೆರೆದು ನಿಂತಾಗ ಅದೇ ಯೋಚನೆ. ಭಾವನ ಬಂಗಾರ ನನ್ನ ಅಟ್ಟದ ಮೇಲೆ ಇದ್ದರೆ, ಸಿಕ್ಕಿಬೀಳುವವನು ಮಿಲ್ಲಿನಲ್ಲಿ ಕೆಲಸ ಮಾಡುವ ನಾನು. ಕೆಲಸ ಹೋಗುತ್ತದೆ, ಜೈಲೂ ಆಗುತ್ತದೆ. ಭಯಕ್ಕೆ ಹೀಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಭಯ ಮಾತ್ರ ಇದ್ದಿದ್ದರೆ ಡಬ್ಬಿಯನ್ನು ಯಾವುದಾದರೂ ಬಾವಿಗೆ ಹಾಕುತ್ತಿದ್ದೆ. ನಾನು ಅದನ್ನು ಅಕ್ಕಸಾಲಿಯ ಹತ್ತಿರ ತೆಗೆದುಕೊಂಡು ಹೋದೆ.

ಸಂಕ್ರಾಂತಿಯ ಹಿಂದಿನ ದಿನ ನನಗೆ ರಜೆ. ಅಕ್ಕ ನಲ್ಲಿಗೆ ಹೋದಾಗ ಡಬ್ಬಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂಗಾರಪೇಟೆಗೆ ರೈಲು ಹತ್ತಿದೆ. ಕೋಲಾರ ಚಿನ್ನದ ಗಣಿಯ ಊರಿನೊಳಗೆ ಅದನ್ನು ಬಿಚ್ಚಿಸುವ ಧೈರ್ಯ ಇರಲಿಲ್ಲ. ಬಂಗಾರಪೇಟೆಯಲ್ಲಿ ಒಂದು ಓಣಿಯ ಆಚಾರಿಯ ಮುಂದೆ ಕೂತೆ. ಅವನು ನನ್ನ ಮುಖ ನೋಡಿದ, ಓಣಿಯನ್ನು ನೋಡಿದ, ಬಾಗಿಲನ್ನು ಅರ್ಧ ಎಳೆದ. ನಾನೇ ಉಗುರಿನಿಂದ ಮೇಣ ಕೆರೆದು ಮುಚ್ಚಳ ತೆಗೆದೆ. ಅವನು ತಟ್ಟೆಗೆ ಸುರಿದ. ಕಪ್ಪು, ಕಂದು, ಗುಂಡಗಿನ ಬೀಜಗಳು. ಅವನು ಚಿಮಟದಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಸ್ವಾಮಿ, ನಿಮ್ಮ ಬಂಗಾರಕ್ಕೆ ಮೊಳಕೆ ಬರ್ತದೆ."

ಅವನು ತಮಾಷೆಗೆ ಒಂದನ್ನು ಹಲ್ಲಿನ ಹತ್ತಿರ ಒಯ್ದ. ನಾನು ಅವನ ಕೈ ಹಿಡಿದೆ. "ತಿನ್ಬೇಡಿ, ವಿಷ ಅದು."

"ವಿಷಾನ ನನ್ನ ಅಂಗಡಿಗೆ ಯಾಕಪ್ಪ ತಂದೆ?" ಎಂದ. ಅವನ ನಗು ನಿಂತಿತ್ತು. ಬೀಜವನ್ನೆಲ್ಲ ಡಬ್ಬಿಗೆ ಬಳಿದುಕೊಂಡು ಹೊರಗೆ ಬಂದೆ.

ಮೇಣ ಒಡೆದ ಡಬ್ಬಿಯನ್ನು ವಾಪಸು ಇಟ್ಟರೆ ಅಕ್ಕ ಕಂಡುಹಿಡಿಯುತ್ತಾಳೆ. ಅವಳು ಮೂಸಿಯೇ ಹೇಳುತ್ತಾಳೆ. ಹಿಂದಿರುಗುವ ರೈಲಿನಲ್ಲಿ, ಬಂಡೆಗಳ ನಡುವೆ ಬಂಡಿ ತಿರುಗುವ ಕಡೆ, ಮುಚ್ಚಳ ತೆರೆದ ಡಬ್ಬಿಯನ್ನು ಕಿಟಕಿಯಿಂದ ಎಸೆದೆ. ಎದುರಿಗೆ ಕೂತ ಮುದುಕಿ, "ಏನ್ ಎಸ್ದೆ ಮಗ?" ಎಂದಳು. ಹಳಸಿದ ಬುತ್ತಿ ಎಂದೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲಿ ಜನ. ಲಚ್ಚಿ ಮಧ್ಯಾಹ್ನದಿಂದ ವಾಂತಿ ಮಾಡಿಕೊಂಡು ಬಟ್ಟೆಯಂತೆ ಬಿದ್ದಿದ್ದಳು. ಅಂದಿನ ಅವರೆಬೇಳೆ ಸಾರು ಮಾಡಿದವಳು ಅಕ್ಕ. ಅವಳು ಯಾವಾಗಲೂ ಕೊನೆಗೆ ಉಣ್ಣುವವಳು, ಆ ದಿನ ಇನ್ನೂ ಉಂಡಿರಲಿಲ್ಲ. ಅದೂ ಒಂದು ಸಾಕ್ಷಿಯಾಯಿತು. ನನ್ನ ಹೆಂಡತಿಗೆ ಅಟ್ಟದ ನೆನಪಾಗಿ ಹತ್ತಿ ನೋಡಿದ್ದಾಳೆ. ಡಬ್ಬಿ ಇಲ್ಲ. ಅಲ್ಲಿಗೆ ಎಲ್ಲ ತೀರ್ಮಾನವಾಗಿತ್ತು. ಅಕ್ಕನೇ ಬೀಜವನ್ನು ಅವರೆಬೇಳೆಯಲ್ಲಿ ಬೆರೆಸಿ, ಡಬ್ಬಿಯನ್ನು ಎಲ್ಲೋ ಬಿಸಾಡಿದ್ದಾಳೆ ಎಂದು.

ಕಾಂಪೌಂಡರ್ ಬಂದು ಔಷಧಿ ಕುಡಿಸಿ, ಮಗುವಿಗೆ ಭಯವಿಲ್ಲ ಎಂದ. ಜನ ಭಯದಲ್ಲಿದ್ದಾಗ ಮೆತ್ತಗಿದ್ದರು, ಭಯ ಹೋದ ಮೇಲೆ ಕೋಪ ಬಂತು. ಲೈನಿನ ಮೇಸ್ತ್ರಿ ಎಲ್ಲರನ್ನೂ ನಲ್ಲಿಕಟ್ಟೆಯ ಕರೆಂಟು ದೀಪದ ಕೆಳಗೆ ಸೇರಿಸಿದ. ನಮ್ಮ ಜಗಳ, ಮದುವೆ ಮಾತು, ಎಲ್ಲವೂ ಅಲ್ಲೇ ಆಗುತ್ತಿದ್ದದ್ದು.

"ಆ ಬೀಜ ವಿಷ ಅಂತ ನೀನೇ ಹೇಳಿದ್ಯೋ ಇಲ್ವೋ?" ಎಂದು ಮೇಸ್ತ್ರಿ ಕೇಳಿದ.

"ಏಳಿದೀನಿ."

"ಡಬ್ಬಿ ಎಲ್ಲಿ?"

"ಅಟ್ಟದ ಮ್ಯಾಲಿತ್ತು. ಈಗಿಲ್ಲ."

"ಕಾಲು ಬಂತಾ ಅದಕ್ಕೆ?" ಎಂದಳು ಪಾಪಮ್ಮ.

"ಯಾರು ತಗೊಂಡ್ರು?" ಎಂದ ಮೇಸ್ತ್ರಿ.

ಅಕ್ಕ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಪಾಪಮ್ಮನ ಮುಖ, ಮೇಸ್ತ್ರಿಯ ಮುಖ, ನನ್ನ ಹೆಂಡತಿಯ ಮುಖ. ನನ್ನ ಹತ್ತಿರ ಬಂದಾಗ ಅವಳ ಕಣ್ಣು ನನ್ನ ಮುಖಕ್ಕಿಂತ ಕೆಳಗೆ ನಿಂತಿತು. ಆಮೇಲೆ, "ಗೊತ್ತಿಲ್ಲ" ಎಂದಳು.

ಮೇಸ್ತ್ರಿ ನನ್ನನ್ನು ಕೇಳಿದ. "ನೀನೇನಪ್ಪ ಹೇಳ್ತೀಯ? ನಿನ್ನಕ್ಕ, ನಿನ್ನ ಮಗು." ಡಬ್ಬಿ ನನ್ನ ಹತ್ತಿರ ಇತ್ತು ಎಂದರೆ ಯಾಕೆ ಎನ್ನುತ್ತಾರೆ. ಅಕ್ಕಸಾಲಿ ಎನ್ನಬೇಕು. ಮಿಲ್ಲಿನ ಕೂಲಿಯವನು ಮೇಣ ಹಚ್ಚಿದ ಡಬ್ಬಿ ಹಿಡಿದುಕೊಂಡು ಅಕ್ಕಸಾಲಿಯ ಹತ್ತಿರ ಹೋಗಿದ್ದ ಎಂಬ ಮಾತು ಬೆಳಗಾಗುವುದರೊಳಗೆ ಕಾವಲಿನವರಿಗೆ ಮುಟ್ಟುತ್ತದೆ. "ನಾನು ಊರಾಗಿರಲಿಲ್ಲ. ನಂಗೇನು ಗೊತ್ತು?" ಎಂದೆ.

ಬಳ್ಳಿ ಕೀಳಬೇಕು, ಅವಳು ಲೈನು ಬಿಡಬೇಕು ಎಂದಾಯಿತು. ಹುಡುಗರು ನುಗ್ಗಿದರು. ಅಕ್ಕ ಅಡ್ಡ ನಿಂತು, "ಬ್ಯಾರೆಯೋರು ಕೈ ಆಕ್ಬೇಡಿ" ಎಂದಳು. ಬಳ್ಳಿಯ ತುಂಬ ಹೂವಿತ್ತು. ಬುಡ ಹಿಡಿದು ಒಂದೊಂದನ್ನೂ ತಾನೇ ಎಳೆದಳು, ಒಗೆದ ಸೀರೆ ಮಡಿಸುವ ಹಾಗೆ ಮಡಿಸಿ ರಾಶಿ ಹಾಕಿದಳು. ಬೆಳಿಗ್ಗೆ ಮೊದಲ ರೈಲಿಗೆ ಹೊರಟಳು. ಹೊರಡುವ ಮುಂಚೆ ಲಚ್ಚಿ ಮಲಗಿದ್ದ ಮೂಲೆಯ ಕಡೆ ನೋಡಿದಳು. ನನ್ನ ಹೆಂಡತಿ ಬಾಗಿಲಿಗೆ ಅಡ್ಡ ಕೂತಿದ್ದಳು, ಏಳಲಿಲ್ಲ.

ಆ ವಾರದಲ್ಲೇ ಬೇರೆ ಲೈನುಗಳಲ್ಲಿ, ನಮ್ಮ ಮನೆಯ ಸಾರು ಮುಟ್ಟದ ಎಷ್ಟೋ ಮಕ್ಕಳಿಗೆ ಅದೇ ವಾಂತಿ ಬಂತು. ಎಲ್ಲರಿಗೂ ಗೊತ್ತಾಯಿತು. ಯಾರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಡಬ್ಬಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. ಅದು ಉಳಿದಷ್ಟು ದಿನ ಅಕ್ಕನ ಮೇಲಿನ ಮಾತೂ ಉಳಿಯುವಂಥದು.

ಬಂಗಾರಪೇಟೆಯಲ್ಲಿ ಅಕ್ಕ ಒಂದು ಗೋಡೌನಿನ ಹಿಂದೆ ಸಣ್ಣ ಮನೆ ಹಿಡಿದಳು. ಚಳಿಗಾಲದಲ್ಲಿ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಸುಲಿಯುವ ಕೂಲಿ, ಬೇರೆ ದಿನ ಮೂಟೆ ಹೊಲಿಯುವ ಕೂಲಿ. ಎಡಗೈಯಲ್ಲಿ ಕಾಯಿ ಒತ್ತಿ ಬಿಡಿಸುವ ಅವಳ ಚುರುಕು ನೋಡಲು ಜನ ನಿಲ್ಲುತ್ತಿದ್ದರು. ಹುಳುಕು ಕಾಯಿ ತೂಗಿಸಿದ ದಲ್ಲಾಳಿಯನ್ನು ಅಲ್ಲೂ ಬಿಡುತ್ತಿರಲಿಲ್ಲ. ನಾನು ಆಗಾಗ ಹೋಗಿ ಬರುತ್ತಿದ್ದೆ. ಹೋಗುವಾಗ ಹೇಳಬೇಕೆಂದು ಹೋಗುವೆ, ಕಾಫಿ ಕುಡಿದು ವಾಪಸು ಬರುವೆ. ಅವಳು ಲಚ್ಚಿಯ ಹಲ್ಲು, ಲಚ್ಚಿಯ ಕೂದಲು, ಶಾಲೆ, ಎಲ್ಲ ಕೇಳುವಳು. ಮನೆಯ ಮುಂದೆ ಒಳ್ಳೆಯ ಕಪ್ಪು ಮಣ್ಣಿನ ಜಾಗ ಇತ್ತು, ಬರಿದಾಗಿತ್ತು. ಒಂದು ಸಾರಿ ಬಾಯಿ ತಪ್ಪಿ, "ಇಲ್ಲಿ ಆ ಬಳ್ಳಿ ಆಕ್ಬೋದಲ್ಲಕ್ಕ" ಎಂದುಬಿಟ್ಟೆ.

"ಬೀಜ ಎಲ್ಲೈತೆ?" ಎಂದು ನನ್ನನ್ನೇ ನೋಡಿದಳು.

ಅವಳಿಗೆ ಗೊತ್ತಿದೆ ಎಂದು ಆಗ ಗೊತ್ತಾಯಿತು. ಅಕ್ಕ, ಆ ದಿನ ಆ ಡಬ್ಬಿ, ಎಂದು ಶುರು ಮಾಡಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

"ನಂಗ್ ಏಳ್ಬೇಡ. ಅವತ್ತು ದೀಪದ ಕೆಳಗೆ ಕೈ ಕಟ್ಕೊಂಡ್ ನಿಂತಿದ್ಯಲ್ಲ, ನಿನ್ನ ಉಗುರಾಗೆ ಮೇಣ ಇತ್ತು."

"ಮತ್ತೆ ಯಾಕಕ್ಕ ಏಳಲಿಲ್ಲ?"

"ಏಳಿದ್ರೆ ನಿನ್ನ ಕೆಲ್ಸ ಓಗ್ತಿತ್ತು. ಕೂಸಿತ್ತು." ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು. "ಗೊತ್ತಿರೋಳಿಗೆ ಗೊತ್ತಿರೋದ್ನ ಬಂದ್ ಏಳಿದ್ರೆ ಏನ್ ಬಂತು? ನನ್ನ ಅಂದೋರು ಲೈನಾಗವ್ರೆ. ಏಳೋದಾದ್ರೆ ಅವ್ರಿಗೇಳು. ಆಗ್ದಿದ್ರೆ ಕಾಫಿ ಕುಡ್ದು ಓಗು."

ನಾನು ಕಾಫಿ ಕುಡಿದು ಬಂದೆ. ಅದಾದ ಮೇಲೂ ವರ್ಷಗಳು ಹೋದವು. ಅವಳ ಮನೆಗೆ ಹೋಗುವುದೂ ಕಡಿಮೆಯಾಯಿತು.

ಲಚ್ಚಿ ಮೈನೆರೆದು ದೊಡ್ಡವಳಾದಳು. ಆರತಿಗೆ ಮನೆ ಮುಂದೆ ಚಪ್ಪರ ಹಾಕಿಸಿದೆವು. ಅತ್ತೆ ಬರದಿದ್ದರೆ ತಾನು ಹಸೆಯ ಮೇಲೆ ಕೂರುವುದಿಲ್ಲ ಎಂದು ಲಚ್ಚಿ ಹಟ ಹಿಡಿದಳು. ಯಾರ್ಯಾರಿಂದ ಕೇಳಿಸಿಕೊಂಡಿದ್ದಳೋ, "ನಂಗೆ ವಾಂತಿ ಆಗಿದ್ದಕ್ಕೆ ಅತ್ತೇನ ಓಡ್ಸಿದ್ರಂತೆ, ನನ್ನ ಯಾರೂ ಕೇಳಲೇ ಇಲ್ಲ" ಎಂದು ಅವಳಮ್ಮನ ಹತ್ತಿರ ಜಗಳ ಮಾಡಿದಳು. ಅಕ್ಕ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಒಳಗೆ ಬರಲಿಲ್ಲ, ಚಪ್ಪರದ ಕಂಬದ ಹತ್ತಿರ ಕೂತಳು. ಸುಲಿದು ಹಿತಕಿದ ಅವರೆಬೇಳೆ ಒಂದು ಪುಟ್ಟಿ ತಂದಿದ್ದಳು, ಆರತಿಯ ಊಟದ ಸಾರಿಗೆ ಎಂದು. ಅಷ್ಟು ಬೇಳೆ ಬಿಡಿಸಲು ಎಷ್ಟು ಕೂತಿರಬೇಕು ಎಂದು ಆ ಕೆಲಸ ಬಲ್ಲವರಿಗೆ ಗೊತ್ತು.

ಪುಟ್ಟಿ ಒಲೆಯ ಹತ್ತಿರ ಹೋಯಿತು. ಅಡುಗೆಗೆ ನಿಂತ ಹೆಂಗಸರು ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕೈ ಹಾಕಲಿಲ್ಲ. ಪಾಪಮ್ಮನಿಗೆ ಹಲ್ಲು ಹೋಗಿತ್ತು, ಬಾಯಿ ಹೋಗಿರಲಿಲ್ಲ.

"ಮೊದ್ಲು ನಾಯಿಗೆ ಒಂದ್ ಹಿಡಿ ಆಕಿ ನೋಡ್ರಮ್ಮಾ. ಈಯಮ್ಮನ ಕೈಯಾಗೆ ಯಾವುದು ಅವರೆ, ಯಾವುದು ಇನ್ನೊಂದು, ನಮಗೇನು ಗೊತ್ತು?"

ಕೆಲವರು ನಕ್ಕರು. ನನ್ನ ಹೆಂಡತಿ ನಗಲಿಲ್ಲ, ಆದರೆ ಪುಟ್ಟಿಯನ್ನು ತೆಗೆದುಕೊಂಡು ಬಂದು ಅಕ್ಕನ ಮುಂದೆ ಇಟ್ಟು, "ಬ್ಯಾಳೆ ಸಾಕಷ್ಟು ಅದೆ ಅತ್ಗೆ" ಎಂದಳು. ಅಕ್ಕ ಪುಟ್ಟಿಗೆ ಕೈ ಹಾಕಿದಳು. ಒಂದು ಹಿಡಿ ಬೇಳೆ ತೆಗೆದು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡು ಎಲ್ಲರಿಗೂ ಕಾಣುವ ಹಾಗೆ ಅಗಿದು ನುಂಗಿದಳು. ಪುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ರಸ್ತೆಯ ಕಡೆ ತಿರುಗಿದಳು. ಹಸೆಯ ಮೇಲೆ ಕೂತಿದ್ದ ಲಚ್ಚಿ ಎದ್ದು ನಿಂತು ನನ್ನ ಕಡೆ ನೋಡಿದಳು.

ನಾನು ಇನ್ನೂ ಮಿಲ್ಲಿನ ಕೆಲಸದಲ್ಲೇ ಇದ್ದೆ. ಚಪ್ಪರದಲ್ಲಿ ಮುದಿ ಮೇಸ್ತ್ರಿ ಇದ್ದ, ಅವನ ಪಕ್ಕದ ಕುರ್ಚಿಯಲ್ಲಿ ಕಾವಲಿನವನೊಬ್ಬ ಊಟಕ್ಕೆ ಕಾಯುತ್ತ ಕೂತಿದ್ದ. ನಾನು ಹೋಗಿ ಅಕ್ಕನಿಗೆ ಅಡ್ಡ ನಿಂತೆ. ಧ್ವನಿ ಬರುವುದಿಲ್ಲ ಎಂದುಕೊಂಡಿದ್ದೆ, ಬಂತು. ಆಚೆ ಸಾಲಿನ ಮನೆಯವರೂ ಬಾಗಿಲಿಗೆ ಬಂದರು.

"ಎಲ್ಲಾರೂ ಕೇಳ್ರಪ್ಪ. ಅವತ್ತು ಡಬ್ಬಿ ತಗಂಡೋಗಿದ್ದು ನಾನು. ಒಳಗೆ ಬಂಗಾರ ಐತೆ ಅಂತ ಆಸೆಬಿದ್ದು ಬಂಗಾರಪೇಟೆ ಆಚಾರಿ ತಾವ ಬಿಚ್ಚಿಸ್ದೆ. ಬೀಜ ಇತ್ತು. ಒಂದ್ ಬೀಜಾನೂ ನಮ್ಮನೆ ಸಾರಿಗೆ ಬಿದ್ದಿಲ್ಲ, ಎಲ್ಲಾನೂ ನಾನೇ ರೈಲಿಂದ ಎಸ್ದೆ. ಆಮ್ಯಾಕೆ ನಲ್ಲಿಕಟ್ಟೆ ತಾವ ನಂಗೇನೂ ಗೊತ್ತಿಲ್ಲ ಅಂದೆ. ಗೊತ್ತಿತ್ತು. ಅಕ್ಕ, ನಿನ್ನ ಮ್ಯಾಲೆ ಅನುಮಾನ ಪಟ್ಟೋನೂ ನಾನೇ, ನಿನ್ನ ಆಚೆ ಆಕ್ಸಿದೋನೂ ನಾನೇ. ತಪ್ಪಾಯ್ತು ಕಣಕ್ಕ."